ಬಲಗೆನ್ನೆಯ ಮೇಲೊಂದು ಕಂದು ಮಚ್ಚೆ

ಕಳೆದ ವಾರ ಬೆಳಿಗ್ಗೆ ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದರೆ ಮೊದಲು ಬಂದದ್ದೇ ಒಬ್ಬ ಅಜ್ಜಿಯ ಬಲಗೆನ್ನೆ. ಕೆನ್ನೆ ಎಂದರೆ ಚಿತ್ರವಲ್ಲ, ಬರಿಯ ವರ್ಣನೆ. ಅಮೆರಿಕದ ಯಾವುದೋ ಊರಿನ ಚರ್ಮದ ಡಾಕ್ಟರೊಬ್ಬರು ಬರೆದಿದ್ದರು: ಬಲಗೆನ್ನೆಯಲ್ಲಿ ಕಂದು ಬಣ್ಣದ, ಮೇಲಿನಿಂದ ಅಂಟಿಸಿಟ್ಟಂತೆ ಕಾಣುವ ಮಚ್ಚೆ, ವಯಸ್ಸಿಗೆ ಸಹಜ, ಭಯ ಬೇಡವೆಂದು ತಿಳಿಸಲಾಗಿದೆ. ಆ ಅಜ್ಜಿ ಯಾರೋ ಏನೋ. ಇಂಥದ್ದಕ್ಕೆ ಹಾಕುವ ಕೋಡ್ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಆದರೂ ಆವತ್ತು ಕೈ ಮುಂದೆ ಹೋಗಲಿಲ್ಲ. ಚಹಾ ಆರಿ ಕೆನೆ ಕಟ್ಟುವವರೆಗೂ ಸುಮ್ಮನೆ ಕುಳಿತೆ.

ನನ್ನ ಕೆಲಸ ಏನೆಂದು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಮ್ಮ ಪಕ್ಕದ ಮನೆಯವರ ಹಾಗೆ ನೀವೂ ನಾನು ದಿನವಿಡೀ ಕಂಪ್ಯೂಟರಿನಲ್ಲಿ ಸೀರೆ ನೋಡುತ್ತಾ ಕೂರುತ್ತೇನೆ ಎಂದುಕೊಳ್ಳಬಹುದು. ಮೂಡುಬಿದಿರೆಯ ನಮ್ಮ ಮನೆಯ ಊಟದ ಕೋಣೆಯ ಮೂಲೆಯಲ್ಲಿ ನಾನು ಮಾಡುವುದು ಮೆಡಿಕಲ್ ಕೋಡಿಂಗ್. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಬರೆದಿಟ್ಟದ್ದನ್ನು ಇಲ್ಲಿ ನಾನು ಓದಿ, ಕಾಯಿಲೆಗೊಂದು, ಮಾಡಿದ ಚಿಕಿತ್ಸೆಗೊಂದು ಕೋಡ್ ಹಾಕುತ್ತೇನೆ. ಅದನ್ನು ನೋಡಿ ವಿಮೆಯವರು ಹಣ ಕೊಡುತ್ತಾರೆ, ಇಲ್ಲವೇ ತಕರಾರು ತೆಗೆಯುತ್ತಾರೆ. ನಮ್ಮ ಕಂಪನಿಯಲ್ಲಿ ಹೃದಯ ಸಿಕ್ಕಿದವರಿದ್ದಾರೆ, ಮೂಳೆ ಸಿಕ್ಕಿದವರಿದ್ದಾರೆ, ಹೆರಿಗೆ ಸಿಕ್ಕಿದ ಪುಣ್ಯವಂತರೂ ಇದ್ದಾರೆ. ನನ್ನ ಪಾಲಿಗೆ ಬಂದದ್ದು ಚರ್ಮ. ಅದರಲ್ಲೂ ಹೆಚ್ಚಿನಂಶ ಯಾರನ್ನೂ ಕೊಲ್ಲದ, ಯಾರಿಗೂ ತೊಂದರೆ ಕೊಡದ ಮಚ್ಚೆಗಳು, ಕಂದು ಚುಕ್ಕೆಗಳು, ಬಿಸಿಲಿನ ಕಲೆಗಳು. ಉಜಿರೆಯಲ್ಲಿ ಸಸ್ಯಶಾಸ್ತ್ರ ಓದುವಾಗ ಎಲೆಗಳ ಮೇಲಿನ ಚುಕ್ಕೆ ನೋಡಿ ಗುರುತಿಸುತ್ತಿದ್ದವಳು ಈಗ ಮನುಷ್ಯರ ಮೇಲಿನದನ್ನು ಗುರುತಿಸುತ್ತೇನೆ. ದೊಡ್ಡ ಬದಲಾವಣೆಯೇನೂ ಆಗಿಲ್ಲ.

ಈ ಕೆಲಸದಿಂದ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಎದುರು ಸೀಟಿನವರ ಕುತ್ತಿಗೆ ನೋಡುತ್ತೇನೆ. ಮದುವೆ ಊಟದಲ್ಲಿ ಬಡಿಸುವವರ ಕೈ ನೋಡುತ್ತೇನೆ. ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತದೆ: ಇದು ಸಾಧಾರಣ ಮಚ್ಚೆ, ಡಿ ಇಪ್ಪತ್ತೆರಡು, ಇದು ವಯಸ್ಸಿಗೆ ಬಂದದ್ದು, ಎಲ್ ಎಂಬತ್ತೆರಡು, ಇದು ಬಿಸಿಲಿನದ್ದು, ಎಲ್ ಎಂಬತ್ತೊಂದು. ಒಮ್ಮೆ ಹೀಗೆ ದಿಟ್ಟಿಸುತ್ತಿದ್ದಾಗ ಎದುರಿನ ಹೆಂಗಸು ಸೆರಗು ಎಳೆದುಕೊಂಡು, “ನಿಮಗೆ ಎಂತ ಆಗ್ಬೇಕಿತ್ತು?” ಎಂದು ಕೇಳಿದ್ದರು. ನಿಮ್ಮ ಮಚ್ಚೆಗೆ ಸಂಖ್ಯೆ ಹುಡುಕುತ್ತಿದ್ದೆ ಎಂದು ಹೇಳುವುದು ಹೇಗೆ? ಮುಂದಿನ ಸ್ಟಾಪಿನಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ.

ಕೋಡಿಂಗಿಗೆ ಸೇರಿದ ಹೊಸದರಲ್ಲಿ ನಮಗೆ ಪಾಠ ಮಾಡುತ್ತಿದ್ದವರು ಬಲ ಯಾವುದು, ಎಡ ಯಾವುದು, ಎಲ್ಲಿದೆ, ಯಾವಾಗಿನಿಂದ ಇದೆ, ತುರಿಸುತ್ತದೆಯೇ, ರಕ್ತ ಬಂದಿದೆಯೇ ಎಂದೆಲ್ಲ ಡಾಕ್ಟರು ಬರೆದಿರಲೇಬೇಕು ಎಂದು ಒತ್ತಿ ಒತ್ತಿ ಹೇಳುತ್ತಿದ್ದರು. ಚಂದ ಕಾಣಲಿಕ್ಕೆಂದು ಮಚ್ಚೆ ತೆಗೆಸಿದರೆ ವಿಮೆಯ ಹಣ ಇಲ್ಲ. ತೊಂದರೆ ಕೊಡುತ್ತಿತ್ತು ಎಂದು ತೆಗೆಸಿದರೆ ಉಂಟು. ಆ ತೊಂದರೆ ಬರವಣಿಗೆಯಲ್ಲಿ ಇರಬೇಕು. ಉಳಿದವರು ಆಕಳಿಸುತ್ತಿದ್ದರು. ನನಗೆ ಮಾತ್ರ ಇದೆಲ್ಲ ಬಾಲ್ಯದಲ್ಲೇ ಕಲಿತ ಮಗ್ಗಿಯ ಹಾಗೆ ಅನಿಸುತ್ತಿತ್ತು. ಕಾರಣ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ವಾರಿಜಾ ಟೀಚರ್. ಬೆಳ್ತಂಗಡಿಯಿಂದ ಒಳಗೆ ಹೋದರೆ ಸಿಗುವ ಒಂದು ಸರಕಾರಿ ಹೈಸ್ಕೂಲಿನಲ್ಲಿ ಅವರು ಕನ್ನಡವನ್ನೂ ಸಮಾಜವನ್ನೂ ಕಲಿಸುತ್ತಿದ್ದರು. ನನ್ನ ಅಪ್ಪನದ್ದು ಬಂಟ್ವಾಳ ಪೇಟೆಯಲ್ಲಿ ಹೋಟೆಲು. ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಜನವೋ ಜನ. ಓದುವ ಹುಡುಗಿ ಗಿರಾಕಿಗಳ ಸುದ್ದಿ ಕೇಳುತ್ತಾ ಕೂತರೆ ಉದ್ಧಾರವಾಗಲಿಕ್ಕಿಲ್ಲವೆಂದು ನನ್ನನ್ನು ಹೈಸ್ಕೂಲಿಗೆ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಹಾಗಾಗಿ ಮನೆಯಲ್ಲಿ ಅವರು ದೊಡ್ಡಮ್ಮ, ಶಾಲೆಯಲ್ಲಿ ಟೀಚರ್. ಎಷ್ಟೋ ಸಲ ಬಚ್ಚಲಿನಿಂದ “ಟೀಚರ್, ಟವೆಲ್ ಕೊಡಿ” ಎಂದು ಕೂಗಿದ್ದೇನೆ. ನಾವು ಮಾತಾಡುವುದು ತುಳುವಿನಲ್ಲೇ. ಆದರೆ ದೊಡ್ಡಮ್ಮನಿಗೆ ಸಿಟ್ಟು ಬಂದರೆ, ಇಲ್ಲವೇ ವಿಷಯ ಗಂಭೀರವಾದರೆ, ಮಾತು ತಾನಾಗಿಯೇ ಕನ್ನಡಕ್ಕೆ ತಿರುಗುತ್ತದೆ. ಅವರ ಬಾಯಿಯಲ್ಲಿ ಕನ್ನಡ ಬಂತೆಂದರೆ ನಾವು ಎದ್ದು ನಿಲ್ಲುತ್ತಿದ್ದೆವು.

ಹತ್ತನೇ ತರಗತಿಯವರ ಪರೀಕ್ಷೆಯ ಅರ್ಜಿ ತುಂಬಿಸುವ ದಿನ ನಿಮಗೂ ನೆನಪಿರಬಹುದು. ಅದರಲ್ಲಿ ಗುರುತಿನ ಚಿಹ್ನೆ ಎಂದು ಎರಡು ಸಾಲು. ಮೈಮೇಲೆ ಇರುವ ಮಚ್ಚೆಯನ್ನೋ ಗಾಯದ ಕಲೆಯನ್ನೋ ಅಲ್ಲಿ ಬರೆಯಬೇಕು. ಎಷ್ಟೋ ಶಾಲೆಗಳಲ್ಲಿ ಇಡೀ ತರಗತಿಗೆ “ಮುಖದಲ್ಲಿ ಮಚ್ಚೆ” ಎಂದು ಬರೆದು ಮುಗಿಸುತ್ತಿದ್ದರಂತೆ. ನಮ್ಮ ಹೆಡ್‌ಮಾಸ್ತರರೂ, “ಯಾರು ನೋಡ್ಲಿಕ್ಕುಂಟು ಟೀಚರೇ, ಎಂತಾದ್ರೂ ಬರೆದು ಕಳಿಸುವ” ಎನ್ನುತ್ತಿದ್ದರು. ದೊಡ್ಡಮ್ಮ ಒಪ್ಪುವ ಪೈಕಿಯಲ್ಲ.

“ಇಲ್ಲದ್ದನ್ನು ಬರೆದು ನಾನು ಸೈನ್ ಹಾಕ್ಲಿಕ್ಕಿಲ್ಲ ಸರ್. ನಾಳೆ ಈ ಮಕ್ಕಳು ಎಲ್ಲೆಲ್ಲಿಗೆ ಹೋಗ್ತಾರೋ, ದುಬೈಗೆ ಹೋಗ್ತಾರೋ ಮಸ್ಕತ್ತಿಗೆ ಹೋಗ್ತಾರೋ. ಅಲ್ಲಿ ಇವರು ಇವರೇ ಅಂತ ಹೇಳ್ಲಿಕ್ಕೆ ನಾವು ಇರ್ತೇವಾ?”

ಹಾಗೆಂದು ಜಗಲಿಯಲ್ಲಿ ಬೆಂಚು ಹಾಕಿಸಿ, ಒಬ್ಬೊಬ್ಬರನ್ನೇ ಕೂರಿಸಿ, ಮುಖ ಬೆಳಕಿಗೆ ತಿರುಗಿಸಿ, ಕೈ ಮಗುಚಿ, ಕಿವಿಯ ಹಿಂದೆ ಕೂಡಾ ನೋಡುತ್ತಿದ್ದರು. ಗಾಯದ ಕಲೆ ಅವರಿಗೆ ಅಷ್ಟು ಹಿಡಿಸುತ್ತಿರಲಿಲ್ಲ. ಅದು ಮಾಸಿ ಹೋಗುತ್ತದೆ, ಮಚ್ಚೆಯಾದರೆ ಕೊನೆಯವರೆಗೆ ಜತೆಗಿರುತ್ತದೆ ಎಂದು ಅವರ ನಂಬಿಕೆ. ನಮ್ಮ ತರಗತಿಯ ಹರಿಶ್ಚಂದ್ರನಿಗೆ ಎಲ್ಲಿ ಹುಡುಕಿದರೂ ಒಂದೂ ಮಚ್ಚೆ ಸಿಗದೆ, ಪರೀಕ್ಷೆಗೆ ಕೂರಲಿಕ್ಕಿಲ್ಲವೇನೋ ಎಂದು ಅವನು ಅಳುವುದಕ್ಕೇ ಶುರುಮಾಡಿದ್ದ. ದೊಡ್ಡಮ್ಮ ಅವನ ಕೂದಲು ಸರಿಸಿ ನೆತ್ತಿಯ ಹಿಂದೆ ಎಳ್ಳಿನಷ್ಟು ಸಣ್ಣದೊಂದನ್ನು ಹಿಡಿದು, “ಇಲ್ಲುಂಟು ನೋಡು ಮಾರಾಯ, ನೀನು ನೀನೇ. ಅಳಬೇಡ” ಎಂದಿದ್ದರು. ನನ್ನ ಸರದಿ ಬಂದಾಗ, ನಿಮಗೆ ಗೊತ್ತೇ ಉಂಟಲ್ಲ, ಎಡ ಮೊಣಕೈಯದ್ದು ಎಂದೆ. “ಗೊತ್ತುಂಟು. ನಿನ್ನನ್ನು ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡದ್ದು ನಾನು. ಆದ್ರೂ ಕೂತುಕೋ, ನೋಡಿಯೇ ಬರೆಯುವುದು” ಎಂದು ಎಲ್ಲರ ಹಾಗೆ ನನ್ನ ತೋಳನ್ನೂ ಮಗುಚಿ ನೋಡಿಯೇ ಬರೆದರು.

ಇಷ್ಟೆಲ್ಲ ಮಾಡುವ ದೊಡ್ಡಮ್ಮನ ಬಲಗೆನ್ನೆಯ ಮೇಲೆಯೇ, ಮೂಗಿನಿಂದ ತುಸು ದೂರಕ್ಕೆ, ಒಂದು ಕಂದು ಮಚ್ಚೆ ಇತ್ತು. ಗುಂಡಗೆ, ಕಡಲೆಯಷ್ಟು ದೊಡ್ಡದು. ಮಕ್ಕಳು ಹಿಂದಿನಿಂದ ಅವರನ್ನು ಕರೆಯುತ್ತಿದ್ದದ್ದು ಮಚ್ಚೆ ಟೀಚರ್ ಎಂದೇ. ಅದು ಅವರಿಗೂ ಗೊತ್ತಿತ್ತು. ಅವರಿಗೆ ಬೇಸರವಿರಲಿಲ್ಲ. ನನಗಂತೂ ಆ ಮಚ್ಚೆಯಿಲ್ಲದ ದೊಡ್ಡಮ್ಮನನ್ನು ಊಹಿಸಿಕೊಳ್ಳಲಿಕ್ಕೇ ಆಗುತ್ತಿರಲಿಲ್ಲ. ಸಿಟ್ಟು ಬಂದಾಗ ಅದು ಮೇಲೆ ಏರುತ್ತಿತ್ತು, ನಗುವಾಗ ಕಣ್ಣಿನ ಹತ್ತಿರಕ್ಕೆ ಹೋಗುತ್ತಿತ್ತು. ತರಗತಿಗೆ ಕಾಲಿಡುವಾಗ ನಾವು ಮೊದಲು ನೋಡುತ್ತಿದ್ದದ್ದು ಮಚ್ಚೆ ಎಲ್ಲಿದೆ ಎಂದು.

ಅದಕ್ಕೊಂದು ಹಳೆಯ ಕತೆಯಿದೆ, ಅಮ್ಮ ಹೇಳಿದ್ದು. ದೊಡ್ಡಮ್ಮ ಆಗಷ್ಟೇ ಕೆಲಸಕ್ಕೆ ಸೇರಿದಾಗ ಮುಂಬೈಯಲ್ಲಿ ಹೋಟೆಲು ಇದ್ದ ಒಂದು ಕಡೆಯ ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಎತ್ತರದ ಆಳು. ಎಲ್ಲ ಮಾತೂ ಮುಗಿದ ಮೇಲೆ ಹುಡುಗನ ಸೋದರತ್ತೆ ಚಕ್ಕುಲಿ ಮುರಿಯುತ್ತಾ, “ಆ ಮಚ್ಚೆ ಒಂದು ಮುಂಬೈಯಲ್ಲಿ ತೆಗೆಸಿದ್ರೆ ಆಯ್ತು, ಈಗೆಲ್ಲ ಸುಲಭ” ಎಂದರಂತೆ. ದೊಡ್ಡಮ್ಮ ಒಳಗಿನಿಂದ ಹೊರಗೆ ಬಂದು ನಿಂತು, ಕನ್ನಡದಲ್ಲಿ, “ಮಚ್ಚೆ ಬೇಡದವರಿಗೆ ನಾನು ಯಾಕೆ?” ಎಂದು ಕೇಳಿದರಂತೆ. ಸಂಬಂಧ ಅಲ್ಲಿಗೆ ನಿಂತಿತು. ಬೇರೆ ಸಂಬಂಧಗಳು ಬಂದವು, ಹೋದವು. ಮದುವೆ ಆಗಲಿಲ್ಲ. ಅದರ ಬಗ್ಗೆ ದೊಡ್ಡಮ್ಮ ಕೊರಗಿದ್ದನ್ನು ನಾನು ಕಂಡಿಲ್ಲ.

ಅವರು ನಿವೃತ್ತಿಯಾದ ಮೇಲೆ ಉಜಿರೆಯಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು, ಮಾಳಿಗೆಯನ್ನು ಕಾಲೇಜಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಹುಡುಗಿಯರಿಗೂ ಅವರು ಟೀಚರೇ. ಯಾರಿಗೆ ಜ್ವರ, ಯಾರು ಊಟ ಬಿಟ್ಟಿದ್ದಾರೆ, ಯಾರ ಫೋನು ಹೆಚ್ಚಾಗಿದೆ ಎಂಬುದೆಲ್ಲ ಅವರ ಲೆಕ್ಕದಲ್ಲಿ ಉಂಟು. ನಾನು ತಿಂಗಳಿಗೊಮ್ಮೆಯಾದರೂ ವೇಣೂರು ದಾರಿಯ ಬಸ್ಸು ಹಿಡಿದು ಹೋಗಿ ಬರುತ್ತೇನೆ.

ಈ ವರ್ಷ ಬೇಸಗೆಯ ಕೊನೆಗೆ ಹಾಗೆ ಹೋದಾಗ ಬಾಗಿಲು ತೆರೆದ ದೊಡ್ಡಮ್ಮನ ಮುಖ ನೋಡಿ ನನಗೆ ಚಪ್ಪಲಿ ಕಳಚುವುದೂ ಮರೆತುಹೋಯಿತು. ಮಚ್ಚೆ ಹಳೆಯ ಮಚ್ಚೆಯಾಗಿರಲಿಲ್ಲ. ಅಂಚು ಒಂದು ಕಡೆ ಹರಡಿತ್ತು. ಬಣ್ಣ ಒಂದೇ ಇರಲಿಲ್ಲ; ಒಂದು ಮೂಲೆ ಕಪ್ಪಾಗಿತ್ತು. ಮೇಲೆ ಪೌಡರು ಹಚ್ಚಿದ್ದರು. ಜೀವಮಾನದಲ್ಲಿ ಪೌಡರು ಮುಟ್ಟದ ಹೆಂಗಸು!

ನಾನು ದಿನವೂ ಓದುವ ಶಬ್ದಗಳೆಲ್ಲ ಒಟ್ಟಿಗೆ ತಲೆಗೆ ಬಂದವು. ಅಂಚು, ಬಣ್ಣ, ಬೆಳವಣಿಗೆ. ಮೂರನೆಯವರ ಮೈಮೇಲೆ ಇರುವಾಗ ಎಷ್ಟು ಸಾಧುವಾಗಿ ಕಾಣುವ ಶಬ್ದಗಳು ಇವು! ಕುಳಿತುಕೊಳ್ಳುವ ಮೊದಲೇ ಕೇಳತೊಡಗಿದೆ: ಯಾವಾಗಿನಿಂದ ಹೀಗೆ? ತುರಿಸುತ್ತದಾ? ರಕ್ತ ಬಂದದ್ದುಂಟಾ?

“ಇಲ್ಲ. ಇಲ್ಲ. ಇಲ್ಲ” ಎಂದರು ದೊಡ್ಡಮ್ಮ. “ನೀನು ಡಾಕ್ಟರ್ ಆದದ್ದು ಯಾವಾಗ ಮಾರಾಯ್ತಿ? ಮೊದಲು ಕಾಲು ತೊಳೆ.”

“ದೊಡ್ಡಮ್ಮ, ಮೂಡುಬಿದಿರೆಯಲ್ಲಿ ಒಳ್ಳೆ ಚರ್ಮದ ಡಾಕ್ಟರು ಇದ್ದಾರೆ. ಒಮ್ಮೆ ತೋರಿಸಿ ಬರುವ.”

“ತೋರಿಸಿದ್ರೆ ತೆಗೀಬೇಕು ಅಂತಾರೆ. ನನಗೆ ಬೇಡ.”

“ತೆಗೆದ್ರೆ ಎಂತ ಆಗ್ತದೆ?”

ಅವರು ನಾನು ಹೆದರುವ ಆ ಕನ್ನಡದಲ್ಲಿ ಹೇಳಿದರು. “ನನ್ನ ಪೆನ್ಶನ್ ಕಾಗದದಲ್ಲಿ ಬಲಗೆನ್ನೆಯಲ್ಲಿ ಮಚ್ಚೆ ಅಂತ ಉಂಟು. ಪ್ರತಿ ನವೆಂಬರಿಗೆ ಬದುಕಿದ್ದೇನೆ ಅಂತ ತೋರಿಸ್ಲಿಕ್ಕುಂಟು. ಮೊದಲು ಬ್ಯಾಂಕಿನವರು ಮುಖ ನೋಡಿ ನಮಸ್ಕಾರ ಟೀಚರ್ ಅಂತಿದ್ರು, ಆಗ್ತಿತ್ತು. ಈಗ ಫೋನಿಗೆ ಮುಖ ತೋರಿಸ್ಬೇಕು. ಮಚ್ಚೆ ಇಲ್ಲದ ಮುಖ ವಾರಿಜಾಳದ್ದೇ ಅಂತ ಆ ಫೋನು ಒಪ್ಪೀತಾ?”

ನನಗೆ ನಗು ಬಂತು. ಫೋನು ಅಷ್ಟೆಲ್ಲ ನೋಡುವುದಿಲ್ಲ ದೊಡ್ಡಮ್ಮ ಎಂದೆ. ಆದರೆ ಅವರು ನಗಲಿಲ್ಲ. ಹುಟ್ಟಿನಿಂದ ಜತೆಗಿದ್ದದ್ದನ್ನು ಮುಂಬೈಯ ಮದುವೆಗೂ ಬಿಟ್ಟುಕೊಡದವರು, ಈಗ ನನ್ನ ಮಾತಿಗೆ ಬಿಟ್ಟುಕೊಡುತ್ತಾರೆಯೇ? ಆವತ್ತು ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಯಾರ ಕುತ್ತಿಗೆಯನ್ನೂ ನೋಡಲಿಲ್ಲ. ಕಣ್ಣು ಮುಚ್ಚಿದರೆ ಆ ಕಪ್ಪು ಮೂಲೆಯೇ ಕಾಣುತ್ತಿತ್ತು.

ಆಮೇಲೆ ದಿನಾ ಫೋನು ಮಾಡಿದೆ. ದಿನಾ ಅದೇ ಉತ್ತರ. ಕೊನೆಗೆ ಮಾಳಿಗೆಯ ಹುಡುಗಿಯರು ನನ್ನ ಪಕ್ಷಕ್ಕೆ ಬಂದರು. ಟೀಚರ್ ಡಾಕ್ಟರಿಗೆ ತೋರಿಸದಿದ್ದರೆ ನಾವು ಊಟ ಮಾಡುವುದಿಲ್ಲ ಎಂದು ಎಲ್ಲರೂ ಸೇರಿ ಕೂತುಬಿಟ್ಟರಂತೆ. ಮಕ್ಕಳು ಹಸಿದಿರುವುದು ದೊಡ್ಡಮ್ಮನಿಗೆ ತಡೆಯುವುದಿಲ್ಲ. “ತೋರಿಸ್ಲಿಕ್ಕೆ ಮಾತ್ರ ಬರ್ತೇನೆ. ತೆಗೀಲಿಕ್ಕೆ ಅಲ್ಲ” ಎಂಬ ಕರಾರಿನ ಮೇಲೆ ಬಂದರು, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಇನ್‌ಸ್ಪೆಕ್ಷನ್ ದಿನದ ಹಾಗೆ.

ಡಾಕ್ಟರು ಸಣ್ಣ ಪ್ರಾಯದ ಹೆಂಗಸು, ಸಮಾಧಾನದವರು. ಬೆಳಕು ಬರುವ ಮಸೂರ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಕಂಪ್ಯೂಟರಿಗೆ ತಿರುಗಿ ಕೇಳುತ್ತಾ ಟೈಪು ಮಾಡತೊಡಗಿದರು.

“ತುರಿಕೆ ಉಂಟಾ ಅಮ್ಮ?”

“ಇಲ್ಲ.”

“ರಕ್ತ ಬಂದದ್ದು?”

“ಇಲ್ಲ.”

“ಈಗ ಇತ್ತೀಚೆಗೆ ದೊಡ್ಡದಾದ ಹಾಗೆ ಅನಿಸಿತಾ?”

“ಇಲ್ಲ. ಮೊದಲಿಂದ ಹೀಗೆಯೇ.”

ಈ ಮೂರು ಇಲ್ಲಗಳು ಬರವಣಿಗೆಯಲ್ಲಿ ಬಂದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೊಂದರೆಯಿಲ್ಲ, ಆರು ತಿಂಗಳು ಬಿಟ್ಟು ನೋಡುವ ಎಂದಾಗುತ್ತದೆ. ಹಾಗಲ್ಲ ಡಾಕ್ಟ್ರೇ ಎಂದು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಡೆ ಒಮ್ಮೆ ನೋಡಿದರು. ಇಷ್ಟು ವಯಸ್ಸಾದ ನಾನು ಬಾಯಿ ಮುಚ್ಚಿ ಕೂತೆ.

ಡಾಕ್ಟರು ಬರೆದದ್ದನ್ನು ಮುದ್ರಿಸಿ, “ಇಲ್ಲಿ ಒಂದು ಸೈನ್ ಹಾಕಿ ಅಮ್ಮ, ನೀವು ಹೇಳಿದ್ದು ಇದೇ ಅಂತ” ಎಂದು ಕಾಗದ ಮುಂದಿಟ್ಟರು. ಆಸ್ಪತ್ರೆಯ ಪದ್ಧತಿ ಅದು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಮೊದಲಿನಿಂದ ಓದಿದರು. ಪೆನ್ನು ಕಾಗದಕ್ಕೆ ತಾಗಲಿಲ್ಲ. ಗೋಡೆಯ ಫ್ಯಾನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿತ್ತು. ಹೊರಗೆ ಯಾರದೋ ಮಗು ಅಳುತ್ತಿತ್ತು.

“ಇದಕ್ಕೆ ನಾನು ಸೈನ್ ಹಾಕ್ಲಿಕ್ಕಿಲ್ಲ” ಎಂದರು ದೊಡ್ಡಮ್ಮ.

“ಯಾಕಮ್ಮ?”

“ಇದರಲ್ಲಿ ಬರೆದದ್ದು ಸರಿ ಇಲ್ಲ. ತಪ್ಪು ನಿಮ್ಮದಲ್ಲ, ನಾನೇ ಹೇಳಿದ್ದು.” ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. “ಬರ್ಕೊಳ್ಳಿ. ತುರಿಕೆ ಉಂಟು, ಯುಗಾದಿಯ ನಂತರ. ರಕ್ತ ಬಂದದ್ದು ಉಂಟು, ದಿಂಬಿನ ಬಟ್ಟೆಗೆ ತಾಗಿತ್ತು. ದೊಡ್ಡದಾಗಿದೆ. ಕಪ್ಪಾದದ್ದು ಕಣ್ಣಿನ ಕಡೆಯ ಅಂಚು. ಮತ್ತೆ ನೀವು ಮುಖ ಅಂತ ಮಾತ್ರ ಬರೆದಿದ್ದೀರಿ. ಬಲಗೆನ್ನೆ ಅಂತ ಬರೀರಿ. ಯಾವ ಬದಿ ಅಂತ ಹೇಳದಿದ್ರೆ ನಾಳೆ ಓದುವವರಿಗೆ ಹೇಗೆ ಗೊತ್ತಾಗ್ಬೇಕು?”

ಓದುವವಳು ಪಕ್ಕದಲ್ಲೇ ಕೂತಿದ್ದಳು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನಿಸಿತು. ಇಷ್ಟು ವರ್ಷಗಳಲ್ಲಿ ಇಷ್ಟು ಸ್ಪಷ್ಟವಾದ ವಿವರಣೆ ನನ್ನ ಮೇಜಿಗೆ ಒಂದೂ ಬಂದಿಲ್ಲ. ಅದರ ಜತೆಗೇ ದಿಂಬಿನ ಬಟ್ಟೆ ಎಂಬ ಮಾತು ಒಳಗೆ ಹೋಗಿ ಕೂತಿತು. ಯುಗಾದಿಯಿಂದ ಈಚೆಗೆ, ಬೆಳಿಗ್ಗೆ ಎದ್ದು, ಯಾರಿಗೂ ಕಾಣದ ಹಾಗೆ ದಿಂಬಿನ ಬಟ್ಟೆ ಒಗೆದು ಹಾಕುತ್ತಿದ್ದರು ಇವರು. ಮೇಲಿಂದ ಮಕ್ಕಳು ಇಳಿದು ಬರುವ ಮೊದಲು ಪೌಡರು ಹಚ್ಚಿಕೊಂಡು. ಹೆದರಿಕೆ ಅವರಿಗೂ ಇತ್ತು. ಅದು ಪೆನ್ಶನಿನ ಹೆದರಿಕೆ ಮಾತ್ರವಾಗಿರಲಿಲ್ಲ.

ಡಾಕ್ಟರು ನಗುತ್ತಾ ಎಲ್ಲವನ್ನೂ ತಿದ್ದಿದರು. ಆಮೇಲೆ ನಗು ಬಿಟ್ಟು, “ಹೆಚ್ಚಾಗಿ ಹಳೆಯ ಮಚ್ಚೆಯ ಮೇಲೆ ವಯಸ್ಸಿಗೆ ಬರುವ ತೊಂದರೆಯಿಲ್ಲದ್ದೇ ಬೆಳೆದಿರಬಹುದು. ಆದರೆ ಆ ಮೂಲೆ ನನಗೆ ಸರಿ ಕಾಣ್ತಾ ಇಲ್ಲ. ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸುವುದು ಒಳ್ಳೆಯದು” ಎಂದರು. ದೊಡ್ಡಮ್ಮ ಹೊಸ ಕಾಗದವನ್ನು ಪುನಃ ಓದಿ, ಸೈನ್ ಹಾಕಿ, ತಾರೀಕು ಹಾಕಿ, ಅದರ ಮೇಲೆಯೇ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು.

“ತೆಗೀರಿ” ಎಂದರು ಕೊನೆಗೆ.

ಎರಡು ದಿನ ಬಿಟ್ಟು ತೆಗೆದರು. ದೊಡ್ಡಮ್ಮ ಕೆನ್ನೆಗೆ ಬಿಳಿ ಪಟ್ಟಿ ಅಂಟಿಸಿಕೊಂಡು ನಮ್ಮ ಮನೆಗೇ ಬಂದು ಉಳಿದರು. ತುಣುಕು ಮಂಗಳೂರಿನ ಲ್ಯಾಬಿಗೆ ಹೋಯಿತು. ಇನ್ನು ಕಾಯುವುದು.

ನಮ್ಮ ಕೋಡಿಂಗಿನಲ್ಲಿ ಒಂದು ಕಟ್ಟುನಿಟ್ಟು ಉಂಟು. ಡಾಕ್ಟರು “ಇರಬಹುದು”, “ಸಂಶಯ” ಎಂದೆಲ್ಲ ಬರೆದರೆ ಆ ಕಾಯಿಲೆಯ ಕೋಡನ್ನು ಹಾಕುವ ಹಾಗಿಲ್ಲ. ಕ್ಲಿನಿಕ್ಕಿಗೆ ಬಂದು ಹೋದ ರೋಗಿಯಾದರೆ ಖಚಿತವಾದದ್ದನ್ನು ಮಾತ್ರ ಹಾಕಬೇಕು. ಲ್ಯಾಬಿನ ವರದಿ ಬರುವವರೆಗೆ ಕಡತವನ್ನು ಪಕ್ಕಕ್ಕಿಡಬೇಕು. ಪಾಪದ ಮನುಷ್ಯನಿಗೆ ಇಲ್ಲದ ಕ್ಯಾನ್ಸರನ್ನು ಬರವಣಿಗೆಯಲ್ಲಿ ಅಂಟಿಸಬಾರದಲ್ಲ. ಇಷ್ಟು ವರ್ಷ ನಾನು ಈ ನಿಯಮವನ್ನು ಹೊಸಬರಿಗೆ ಗತ್ತಿನಿಂದ ಕಲಿಸಿದ್ದೇನೆ. ಈಗ ನನ್ನ ತಲೆಗೇ ಅದು ಹಿಡಿಯಲಿಲ್ಲ. ಮುಂದಿನ ಕೋಣೆಯಲ್ಲಿ ದೊಡ್ಡಮ್ಮ ಪೇಪರು ಓದುತ್ತಿದ್ದರೆ, ಇಲ್ಲಿ ನಾನು ಮನಸ್ಸಿನಲ್ಲಿ ಬರಬಾರದ ಕೋಡುಗಳನ್ನೆಲ್ಲ ಅವರ ಮೇಲೆ ಹಾಕುತ್ತಿದ್ದೆ. ಕೆಲಸದ ಮೇಲೆ ನಿಗಾ ಇಡುವವರಿಂದ ಮೇಲಿಂದ ಮೇಲೆ ತಕರಾರು ಬಂತು: ಬಲಗೈಗೆ ಎಡಗೈಯ ಕೋಡ್ ಹಾಕಿದ್ದೀರಿ.

ಪಕ್ಕಕ್ಕಿಟ್ಟ ಕಡತಗಳು ನನ್ನ ಪರದೆಯ ಒಂದು ಬದಿಯಲ್ಲಿ ಹಳದಿ ಬಣ್ಣದಲ್ಲಿ ಕಾಣುತ್ತವೆ. ವರದಿಗೆ ಕಾಯುತ್ತಿರುವವರು. ಮೊದಲೆಲ್ಲ ಅವು ಹೆಚ್ಚಾದರೆ ನನಗೆ ಕಿರಿಕಿರಿ, ಕೆಲಸ ಮುಗಿಯುವುದಿಲ್ಲವೆಂದು. ಆ ದಿನಗಳಲ್ಲಿ ವರದಿ ಬಂತೇ ಎಂದು ಒಂದೊಂದನ್ನೂ ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಈ ಹಳದಿ ಗೆರೆಗಳ ಹಿಂದೆ ಎಷ್ಟು ಮನೆಗಳಲ್ಲಿ ಯಾರೆಲ್ಲ ಅನ್ನ ಕಲಸಿಕೊಂಡು ತಿನ್ನದೆ ಕೂತಿದ್ದಾರೋ! ಅಮೆರಿಕದವರು ಅನ್ನ ಕಲಸುವುದಿಲ್ಲ ಎಂದು ನೀವು ಹೇಳಬಹುದು. ಅವರು ಏನು ತಿನ್ನುತ್ತಾರೋ ಅದನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ, ಅಷ್ಟೆ.

ದೊಡ್ಡಮ್ಮನೇ ಎಲ್ಲರಿಗಿಂತ ಗಟ್ಟಿ ಇದ್ದ ಹಾಗೆ ಕಾಣುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು. “ನನ್ನದಕ್ಕೆ ಎಂತ ನಂಬರು?” ಎಂದು ಕೇಳಿದರು.

ಇನ್ನೂ ಗೊತ್ತಾಗಿಲ್ಲ ಎಂದೆ. ಸಾಧಾರಣ ಮಚ್ಚೆಯಾದರೆ ಯಾವುದು ಎಂದು ತೋರಿಸು ಎಂದರು. ತೋರಿಸಿದೆ. ಕೈಗಾದರೆ ಬಲ ಬೇರೆ, ಎಡ ಬೇರೆ. ಕಿವಿಗೂ ಹಾಗೆಯೇ, ರೆಪ್ಪೆಗೂ ಹಾಗೆಯೇ. ಕೆನ್ನೆಗೆ ಮಾತ್ರ ಪ್ರತ್ಯೇಕ ಏನೂ ಇಲ್ಲ. “ಮುಖದ ಇತರ ಭಾಗಗಳು” ಎಂಬಲ್ಲಿಗೆ ಹೋಗಬೇಕು.

“ನನ್ನ ಕೆನ್ನೆ ಇತರ ಭಾಗವಾ?” ದೊಡ್ಡಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. “ಇದನ್ನು ಮಾಡಿದವರು ಯಾರು? ಮನುಷ್ಯರು ಒಬ್ಬರನ್ನೊಬ್ಬರು ನೋಡುವಾಗ ಮೊದಲು ಕಾಣುವುದು ಕೆನ್ನೆ. ರೆಪ್ಪೆಯ ಎಡಬಲ ಯಾರು ನೋಡ್ತಾರೆ?”

ಸಿಟ್ಟು ಏರಿದಾಗ ನನ್ನ ಕಣ್ಣು ಅಭ್ಯಾಸದಂತೆ ಮಚ್ಚೆ ಮೇಲೆ ಏರುತ್ತದೆಯೇ ಎಂದು ಹುಡುಕಿತು. ಅಲ್ಲಿ ಪಟ್ಟಿ ಮಾತ್ರ ಇತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಅವರು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದಲೇ ತುಳುವಿನಲ್ಲಿ, ಮೆಲ್ಲ, ಕೆಟ್ಟದ್ದೇ ಆಗಿದ್ದರೆ ಮಾಳಿಗೆಯ ಮಕ್ಕಳಿಗೆ ಈಗಲೇ ಹೇಳಬೇಡ, ಅವರಿಗೆ ಪರೀಕ್ಷೆ ಹತ್ತಿರ ಬಂತು ಎಂದರು. ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತೆ. ಇಬ್ಬರೂ ಬಹಳ ಹೊತ್ತು ರಸ್ತೆ ನೋಡಿದೆವು. ರಸ್ತೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ವರದಿ ಬಂದ ದಿನ ಡಾಕ್ಟರೇ ಫೋನು ಮಾಡಿದರು. ಕ್ಯಾನ್ಸರ್ ಅಲ್ಲ. ಹಳೆಯ ಮಚ್ಚೆಯ ಮೇಲೆ ವಯಸ್ಸಿಗೆ ಬರುವಂಥದ್ದೇ ಬೆಳೆದು, ಕೆರೆದು ಕೆರಳಿ ಕಪ್ಪಾದದ್ದು. ಎಲ್ ಎಂಬತ್ತೆರಡು. ನಾನು ವರ್ಷಗಟ್ಟಲೆ ಕಾಫಿ ಕುಡಿಯುತ್ತಾ, ಹಾಡು ಕೇಳುತ್ತಾ, ಆಕಳಿಸುತ್ತಾ ಹಾಕಿದ ಅದೇ ಕೋಡ್. ಅದು ಇಷ್ಟು ಚಂದದ ಸಂಖ್ಯೆ ಎಂದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಓಡಿ ಹೇಳಿದರೆ ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಿದ್ದವರು ತಲೆ ಎತ್ತದೆ, “ಬಾಯಲ್ಲಿ ಹೇಳಿದ್ದಾ, ಕಾಗದದಲ್ಲಿ ಬಂತಾ?” ಎಂದು ಕೇಳಿದರು. ಕಾಗದ ತಂದು ಕೈಯಲ್ಲಿ ಕೊಟ್ಟ ಮೇಲೆಯೇ ಅವರು ನಂಬಿದ್ದು. ಅದನ್ನು ಓದಿ ಮಡಚಿ, ಕನ್ನಡಿಯ ಮುಂದೆ ನಿಂತು, ಪಟ್ಟಿ ತೆಗೆದ ಕೆನ್ನೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಮುಂಬೈಯವರು ಈಗ ಬಂದಿದ್ರೆ ಒಪ್ತಿದ್ರೋ ಏನೋ” ಎಂದರು. ನಾವಿಬ್ಬರೂ ನಕ್ಕದ್ದಕ್ಕೆ ನನ್ನ ಗಂಡ ಒಳಗಿನಿಂದ ಬಂದು ಏನಾಯಿತೆಂದು ಕೇಳಿದರು.

ಇಷ್ಟಾದರೂ ಒಂದು ವಿಷಯ ಬಾಕಿ ಇತ್ತು. ಉಜಿರೆಗೆ ಹೋದ ಮೇಲೆ ದೊಡ್ಡಮ್ಮ ಹೊರಗೆ ಹೋಗುವುದು ಕಮ್ಮಿ ಮಾಡಿದರು. ಪೇಟೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎದುರಿಗೇ ಹಾದು ಹೋದವನು ಮಾತಾಡಿಸಲಿಲ್ಲವಂತೆ. ಫೋನಿನಲ್ಲಿ ಏನೋ ನೋಡುತ್ತಿದ್ದನೇನೋ ಎಂದು ನಾನೆಂದೆ. ನವೆಂಬರು ಹತ್ತಿರವಾದ ಹಾಗೆ ಪೆನ್ಶನಿನ ಮಾತು ಮತ್ತೆ ಮತ್ತೆ ಬಂತು. ನನಗೀಗ ಅದು ನಗುವ ಮಾತಾಗಿ ಕಾಣಲಿಲ್ಲ.

ಅಮೆರಿಕದ ಅಜ್ಜಿಯ ಬಲಗೆನ್ನೆ ಬಂದು ನನ್ನ ಕೈ ಕಟ್ಟಿದ್ದು ಇಂಥ ದಿನಗಳಲ್ಲೇ. ಅವರಿಗೆ ಭಯ ಬೇಡವೆಂದು ತಿಳಿಸಲಾಗಿದೆ ಎಂಬ ಸಾಲನ್ನು ಎರಡು ಸಲ ಓದಿ, ಒಳ್ಳೆಯದಾಯಿತು ಅಜ್ಜಿ ಎಂದು ಬಾಯಿಬಿಟ್ಟು ಹೇಳಿಯೇ ಕೋಡ್ ಹಾಕಿದೆ. ನವೆಂಬರು ಬಂದ ಮೇಲೆ ರಜೆ ಹಾಕಿ ನಿನ್ನೆ ಉಜಿರೆಗೆ ಹೋದೆ.

ದೊಡ್ಡಮ್ಮ ತಲೆ ಬಾಚಿ, ಕುಂಕುಮ ಇಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾಯುತ್ತಿದ್ದರು. ನಾನು ಪೆನ್ಶನಿನ ಆ್ಯಪು ತೆರೆದು ಫೋನನ್ನು ಅವರ ಮುಖಕ್ಕೆ ಹಿಡಿದೆ. ಸುತ್ತಿನ ಗೆರೆ ಕೆಂಪಾಯಿತು. ಮತ್ತೆ ಪ್ರಯತ್ನಿಸಿ ಎಂದು ಬಂತು. ದೊಡ್ಡಮ್ಮನ ಕೈ ತನ್ನಷ್ಟಕ್ಕೆ ಬಲಗೆನ್ನೆಗೆ ಹೋಯಿತು.

“ಹೇಳಿದ್ದೆನಲ್ಲ” ಎಂದರು. ಸ್ವರ ಸಣ್ಣದಾಗಿತ್ತು. “ನಾನಲ್ಲ ಅಂತೆ.”

“ಕನ್ನಡಕ ತೆಗೀರಿ ದೊಡ್ಡಮ್ಮ. ಅದು ಹೊಳೀತಾ ಉಂಟು, ಅಷ್ಟೆ.”

ಕನ್ನಡಕ ತೆಗೆದರು. ಕಣ್ಣು ಮಿಟುಕಿಸಿ ಎಂದು ಫೋನು ಹೇಳಿತು. ಮಿಟುಕಿಸಲಿಲ್ಲ. ಮಕ್ಕಳ ಎದುರು ಕಣ್ಣು ಮಿಟುಕಿಸದೆ ನಿಂತೇ ಅಭ್ಯಾಸ ಅವರಿಗೆ. ಒಮ್ಮೆ ಮಿಟುಕಿಸಿ ದೊಡ್ಡಮ್ಮ, ದಮ್ಮಯ್ಯ ಎಂದೆ. ಅವರು ಮೆಲ್ಲನೆ ಕಣ್ಣು ಮುಚ್ಚಿ, ತೆರೆದರು.

ಗೆರೆ ಹಸಿರಾಯಿತು. ಕೆಳಗೆ ಅಕ್ಷರಗಳು ಬಂದವು. ನನಗೆ ಓದಲಿಕ್ಕಾಗಲಿಲ್ಲ, ಕಣ್ಣು ತುಂಬಿ ಎಲ್ಲ ಕಲಸಿಹೋಗಿತ್ತು. ದೊಡ್ಡಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ಓದುವ ಹಾಗೆ ಪ್ರತಿ ಶಬ್ದಕ್ಕೂ ನಿಂತು ಓದಿದರು. ಹೆಸರು ಸರಿ ಇದೆಯೇ ನೋಡಿದರು, ಊರು ಸರಿ ಇದೆಯೇ ನೋಡಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಬದುಕಿದ್ದೇನೆ ಅಂತಲೇ ಅಲ್ವಾ ಬಂದದ್ದು? ಮತ್ತೆ ನೀನು ಎಂತಕ್ಕೆ ಅಳುವುದು?”